ಎಡಗಡೆ ಕೂತವರು

ನನ್ನ ಹೆಂಡತಿ ಸರಸ್ವತಮ್ಮನಿಗೆ ನನ್ನ ಮೇಲಿರುವ ದೂರುಗಳು ಬಹಳ. ಅವುಗಳಲ್ಲಿ ಮೊದಲ ಸ್ಥಾನ ಎರಡು ವರ್ಷದಿಂದ ನನ್ನ ಕ್ಯಾಮೆರಾಕ್ಕೆ ಸಂದಿದೆ. ಅದಕ್ಕೂ ಮುಂಚೆ ಆ ಪೀಠದಲ್ಲಿ ನನ್ನ ಗೊರಕೆ ವಿರಾಜಮಾನವಾಗಿತ್ತು. (ಗೊರಕೆಗೆ ಹಿಂಬಡ್ತಿಯಾದದ್ದು ನನಗೆ ಒಂದು ರೀತಿಯ ಸಮಾಧಾನವೇ.)

ನಾನು ಆಂಧ್ರದ ಗಡಿಯೂರು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್ ಆಗಿದ್ದವನು. ಹೆಸರು ಜಯಣ್ಣ. ಆದರೆ ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ, ಉಳಿದವರಿಗೆಲ್ಲ ನಾನು ಮಾಸ್ಟ್ರು. ಜೀನ್ಸ್ ಬಟ್ಟೆಯನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಟಿಂಗ್ ಮಿಷನ್ನನ್ನು ಅದರ ಮೇಲೆ ಓಡಿಸುವುದು ನನ್ನ ಕಸುಬು. ಅರವತ್ತು ದಾಟಿದ ಮೇಲೆ ಬಲಭುಜ ಹಠ ಹಿಡಿಯಿತು. ಕೈ ಎತ್ತಿದರೆ ಇಳಿಯುವುದಿಲ್ಲ, ಇಳಿದರೆ ಏಳುವುದಿಲ್ಲ. ಬಳ್ಳಾರಿಯ ಡಾಕ್ಟರು ಭುಜವನ್ನು ಒತ್ತಿ ನೋಡಿ, "ಕತ್ತರಿಸಿದ್ದು ಸಾಕು ಮಾಡ್ರಿ. ಏನಾದ್ರೂ ಹಗುರಾದ ಹವ್ಯಾಸ ಇಟ್ಕೊಳ್ರಿ" ಎಂದರು.

ನಮ್ಮ ಬೀದಿಯಲ್ಲಿ ಹವ್ಯಾಸವೆಂದರೆ ಇಸ್ಪೀಟು. ಅದನ್ನು ಸರಸ್ವತಮ್ಮ ಡಾಕ್ಟರ ಎದುರಿಗೇ ರದ್ದು ಮಾಡಿದಳು. ಆಗ ಕೈಗೆ ಬಂದದ್ದು ಕ್ಯಾಮೆರಾ. ನಮ್ಮ ಮಗಳು ಹರಿತಾಳನ್ನು ಹಿಂದೂಪುರಕ್ಕೆ ಕೊಟ್ಟಿದ್ದೇವೆ. ಅಳಿಯ ರವಿತೇಜ ಮದುವೆ ಫೋಟೋ ತೆಗೆಯುವವನು. ಅವನು ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನು ಉಗಾದಿಗೆ ಬಂದಾಗ ನನ್ನ ಕೊರಳಿಗೆ ಹಾಕಿ ಹೋದ. ಹಾಗೆ ಸಾಯಂಕಾಲದ ವಯಸ್ಸಿನಲ್ಲಿ ನಾನು ಛಾಯಾಚಿತ್ರ ಕಲೆಯ ಉಪಾಸಕನಾದೆ.

ಮೊದಲ ತಿಂಗಳು ಸಿಕ್ಕಸಿಕ್ಕವರನ್ನೆಲ್ಲ ತೆಗೆದೆ. ಅಳಿಯ ಮತ್ತೆ ಬಂದಾಗ ಅವನ ಲ್ಯಾಪ್‌ಟಾಪಿಗೆ ಹಾಕಿ ಮನೆಯವರೆಲ್ಲ ನೋಡಲು ಕೂತೆವು. ಫೋಟೋದಲ್ಲಿದ್ದವರೆಲ್ಲ ಸೊಂಟದಿಂದ ಹಿಮ್ಮಡಿಯವರೆಗೆ ಮಾತ್ರ ಇದ್ದರು. ನಾನಾದರೂ ಏನು ಮಾಡಲಿ? ಜೀವಮಾನವೆಲ್ಲ ಪ್ಯಾಂಟು ಕತ್ತರಿಸಿದವನ ಕಣ್ಣಿಗೆ ಮನುಷ್ಯನೆಂದರೆ ಅಷ್ಟೇ ಭಾಗ.

"ಇದು ಯಾರ ಫೋಟೋರಿ?" ಎಂದಳು ಸರಸ್ವತಮ್ಮ.

"ನಿಂದೇ."

"ನನಗ ತಲಿ ಇಲ್ಲೇನು?"

"ಇತ್ತು. ಫ್ರೇಮಿನ್ಯಾಗ ಹಿಡೀಲಿಲ್ಲ."

"ಇಷ್ಟು ವರ್ಷ ಸಂಸಾರ ಮಾಡೀನಿ, ನನ್ನ ತಲಿ ಎಲ್ಲೈತಿ ಅಂತ ಇನ್ನೂ ಗೊತ್ತಾಗಿಲ್ಲ ನಿಮಗ?"

ಹಿಂದಿನ ಬೀದಿಯ ಒಂದು ಮನೆಯವರು ತೊಟ್ಟಿಲ ಕಾರ್ಯದ ಫೋಟೋ ತೆಗೆಯಲು ಕರೆದಿದ್ದರು. ಅಲ್ಲಿಯೂ ಹೆಂಗಸರ ಸೀರೆಯ ನೆರಿಗೆಗಳೂ ತೊಟ್ಟಿಲ ಕಾಲುಗಳೂ ಬಹಳ ಸ್ಪಷ್ಟವಾಗಿ ಬಂದವು. ಕೂಸು ಬರಲಿಲ್ಲ. ಆ ಮನೆಯವರು ಆಮೇಲೆ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹೀಗಾಗಿ ಮನುಷ್ಯಕುಲವನ್ನು ಪರಿತ್ಯಜಿಸಿ ಪಕ್ಷಿಸಂಕುಲಕ್ಕೆ ಶರಣಾದೆ. ಹಕ್ಕಿಗೆ ಸೊಂಟವಿಲ್ಲ, ಪ್ಯಾಂಟಿಲ್ಲ, ತನ್ನ ಫೋಟೋ ವಾಟ್ಸಾಪ್ ಮಾಡು ಎಂದು ಅದು ಕೇಳುವುದೂ ಇಲ್ಲ.

ಈ ಕೆಲಸಕ್ಕೆ ನನ್ನ ಜೊತೆಗೆ ಬಂದವನು ಚಿತ್ತಪ್ಪ.

ಚಿತ್ತಪ್ಪ ನನ್ನ ಕಟಿಂಗ್ ಮೇಜಿನ ಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿಯುತ್ತಿದ್ದವನು. ನಾನು ಕತ್ತರಿಸಿದ್ದನ್ನು ಅವನು ಕೂಡಿಸುತ್ತಿದ್ದ, ನಮ್ಮ ಸ್ನೇಹದ ಕಥೆ ಇಷ್ಟೇ. ಮಡಕಶಿರಾ ಹತ್ತಿರದ ಅಮರಾಪುರದ ಕಡೆಯಿಂದ ಹುಡುಗುಪ್ರಾಯದಲ್ಲಿ ಹೊಲಿಗೆ ಕಲಿಯಲು ಬಂದವನು, ರಾಯದುರ್ಗದಲ್ಲೇ ಮದುವೆಯಾಗಿ ಇಲ್ಲೇ ನೆಲೆಸಿದ. ಆದರೆ ತನ್ನ ಊರಿನ ಮಾತನ್ನು ಮಾತ್ರ ಬಿಡಲಿಲ್ಲ. ನಾವೆಲ್ಲ "ಐತಿ" ಅಂದರೆ ಅವನು "ಐತೆ" ಅನ್ನುತ್ತಿದ್ದ. ನಾನು ಕೆಲಸ ಬಿಟ್ಟ ಸ್ವಲ್ಪ ದಿನಕ್ಕೆ ಅವನೂ ಬಿಟ್ಟು, ಮನೆಯ ಪಡಸಾಲೆಯಲ್ಲಿ ಮಿಷನ್ ಹಾಕಿಕೊಂಡು, ಬೆಳಿಗ್ಗೆ ಹೊತ್ತು ಪ್ಯಾಂಟಿನ ಕಾಲು ಕುಗ್ಗಿಸುವುದು, ಜಿಪ್ಪು ಬದಲಿಸುವುದು ಮಾಡುತ್ತಿದ್ದ. ಮಧ್ಯಾಹ್ನದ ಮೇಲೆ ನನ್ನ ಮೊಪೆಡ್ಡಿನ ಹಿಂದೆ ಹತ್ತುತ್ತಿದ್ದ. ನಾನು ಹವ್ಯಾಸಕ್ಕೆ ಬಿದ್ದೆ, ಅವನು ನನ್ನ ಹವ್ಯಾಸವನ್ನೇ ಹವ್ಯಾಸ ಮಾಡಿಕೊಂಡ.

ಸೂಜಿಗೆ ದಾರ ಪೋಣಿಸಲು ಅವನಿಗೆ ಕನ್ನಡಕ ಬೇಕು. ಆದರೆ ಎರಡು ಹೊಲದಾಚೆಯ ಜಾಲಿಗಿಡದಲ್ಲಿ ಕೂತ ನೀಲಕಂಠ ಬರಿಗಣ್ಣಿಗೆ ಕಾಣುತ್ತಿತ್ತು. "ಮಾಸ್ಟ್ರೇ, ಅಗಾ ನೋಡು, ಆ ಒಣಗಿದ ಕೊಂಬೆ ಮೇಲೆ ಕುಂತೈತೆ" ಎಂದು ಬೆರಳು ತೋರಿಸುವವನು ಅವನೇ. ನಾನು ಹಕ್ಕಿಗೆ ಕ್ಯಾಮೆರಾ ಹಿಡಿಯುವವನು. ಬಿಸಿಲಿಗೆ ಕ್ಯಾಮೆರಾದ ಪರದೆ ಕಾಣುವುದಿಲ್ಲವೆಂದು ಅವನು ಮನೆಯಿಂದ ಕರೀ ಛತ್ರಿ ತಂದು ನನ್ನ ತಲೆಯ ಮೇಲೆ ಹಿಡಿದು ನಿಲ್ಲುತ್ತಿದ್ದ.

"ಉತ್ಸವಮೂರ್ತಿಗೆ ಛತ್ರಿ ಹಿಡಿಯೋರನ್ನ ನೋಡಿದ್ದೆ ಚಿತ್ತಪ್ಪಣ್ಣ" ಎಂದಳು ಸರಸ್ವತಮ್ಮ ಒಮ್ಮೆ, "ಡಬ್ಬಿಗೆ ಛತ್ರಿ ಹಿಡಿಯೋರನ್ನ ನಿಮ್ಮನ್ನ ನೋಡಿದ್ದು."

"ಡಬ್ಬೀಗಲ್ಲ ಕಣಕ್ಕ, ನಿನ್ನ ಯಜಮಾನ್ರಿಗೆ. ತಲೆ ಕಾದ್ರೆ ಮನೆಗೆ ಬಂದು ನಿನ್ನ ಮೇಲೆ ತಾನೆ ಕೂಗಾಡೋದು?"

"ಕೂಗಾಡ್ಲಿ ನೋಡೋಣು" ಎಂದು ಅವಳು ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ತಂದಿಟ್ಟಳು. ನಾನು ಒಬ್ಬನೇ ಇದ್ದರೆ ಮಂಡಕ್ಕಿ ಮಾತ್ರ. ಚಿತ್ತಪ್ಪ ಇದ್ದರೆ ಜೊತೆಗೆ ಮಿರ್ಚಿ ಬಜ್ಜಿಯೂ ಬರುತ್ತಿತ್ತು.

ಡಿ. ಹಿರೇಹಾಳ್ ಕಡೆಯ ಕೆರೆಗೆ ಹೋದೆವು, ಬೆಳುಗುಪ್ಪದ ಕಡೆಯ ಹೊಲಗಳಿಗೆ ಹೋದೆವು, ನಮ್ಮೂರ ಕೋಟೆಯ ಗುಡ್ಡವನ್ನು ಎಷ್ಟು ಸಲ ಹತ್ತಿದೆವೋ. ನನ್ನ ಕೈ ಪಳಗಿತು. ಗೀಜುಗನ ಕೊಕ್ಕಿನಲ್ಲಿನ ಹುಲ್ಲಿನ ಎಳೆ ಕಾಣುವಂತೆ ತೆಗೆದ ದಿನ ಅಳಿಯ ಫೋನು ಮಾಡಿ, "ಮಾವಾ, ಇದು ನೀವೇ ತೆಗೆದಿದ್ದಾ?" ಎಂದು ಕೇಳಿದ. ಅವತ್ತಿನಿಂದ ನಾನು ಮಾತಿಗೆ ಮೊದಲು "ಬೆಳಕು" ಎನ್ನುವುದನ್ನು ಕಲಿತೆ. ಬೆಳಕು ಸರಿ ಇದ್ದರೆ ಮಾತ್ರ ಕ್ಯಾಮೆರಾ ಚೀಲದಿಂದ ಹೊರಗೆ. ಇಲ್ಲದಿದ್ದರೆ ಯಾರು ಕೇಳಿದರೂ ಇಲ್ಲ.

ಹೋದ ವರ್ಷ ಚಿತ್ತಪ್ಪ ನನ್ನನ್ನು ಅಮರಾಪುರದ ಹತ್ತಿರದ ತನ್ನ ಊರಿಗೆ ಕರೆದುಕೊಂಡು ಹೋದ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮುಂದೆ ಮತ್ತೊಂದು ಕಡೆ ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆವು. ಅಲ್ಲಿ ಅವನ ಅಣ್ಣ ಎರ್ರಪ್ಪ ಇದ್ದಾರೆ. ಕುರಿ ಸಾಕಿಕೊಂಡು, ಒಂದಿಷ್ಟು ಹೊಲದಲ್ಲಿ ರಾಗಿ, ಕಡಲೆಕಾಯಿ ಬೆಳೆದುಕೊಂಡು ಇರುವವರು. ಎರಡು ಕಣ್ಣಿಗೂ ಪೊರೆ ಬಂದಿದೆ. ಎದುರಿಗೆ ನಿಂತವರು ಅವರಿಗೆ ಮಬ್ಬುಮಬ್ಬಾಗಿ ಕಾಣುತ್ತಾರೆ, ದನಿ ಕೇಳಿದ ಮೇಲೆ ಗುರುತು.

ಮುದ್ದೆ ಉಂಡು ಕೈ ತೊಳೆದ ಮೇಲೆ ಚಿತ್ತಪ್ಪ ಸ್ವಲ್ಪ ಸಂಕೋಚದಿಂದ ಹೇಳಿದ. "ಮಾಸ್ಟ್ರೇ, ನಮ್ಮಣ್ಣಂದೂ ನಂದೂ ಒಂದು ಫೋಟೋ ತಗಿಯಪ್ಪ. ನಾವಿಬ್ರೂ ಜತೀಗೆ ನಿಂತು ತಗಿಸ್ಕಂಡಿದ್ದೇ ಇಲ್ಲ."

ನಾನು ತಲೆ ಎತ್ತಿ ಆಕಾಶ ನೋಡಿದೆ. "ನೆತ್ತಿ ಮ್ಯಾಲಿನ ಬಿಸಿಲು. ಕಣ್ಣಿನ ಕೆಳಗ ನೆರಳು ಬೀಳತೈತಿ. ಸಂಜಿ ಬೆಳಕಿನ್ಯಾಗ ತೆಗೆಯೋಣು, ಬಂಗಾರದಂಗ ಬರತೈತಿ."

"ಸಂಜೀಗೆ ಬಸ್ಸಿಗೆ ಓಗ್ಬೇಕಲ್ಲ."

"ಅದರ ಮುಂಚೇನ ತೆಗೀತೀನಿ."

ಎರ್ರಪ್ಪ ಆಗಲೇ ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು, ತಲೆಗೆ ನೀರು ಸವರಿ ಬಾಚಿಕೊಂಡು ಬಂದಿದ್ದರು. ಅದನ್ನು ಹಾಗೇ ತೊಟ್ಟುಕೊಂಡು ಕಟ್ಟೆಯ ಮೇಲೆ ಕೂತರು.

ಸಂಜೆ ಬೆಳಕು ಬಂತು. ನಿಜಕ್ಕೂ ಬಂಗಾರದಂತೆಯೇ ಬಂತು. ಅದೇ ಹೊತ್ತಿಗೆ ಅವರ ಕುರಿಗಳು ದೂಳೆಬ್ಬಿಸಿಕೊಂಡು ಊರೊಳಗೆ ತಿರುಗಿದವು. ಆ ದೂಳಿನಲ್ಲಿ ಬಿಸಿಲು ಹೊಕ್ಕು ಒಂದೊಂದು ಕುರಿಯ ಸುತ್ತಲೂ ಬೆಳಕಿನ ಗೆರೆ ಮೂಡಿತ್ತು. ನಾನು ನೆಲಕ್ಕೆ ಮಲಗಿಬಿಟ್ಟೆ. ತೆಗೆದೆ, ತೆಗೆದೆ, ತೆಗೆಯುತ್ತಲೇ ಇದ್ದೆ. ಕುರಿ ಮುಗಿಯುವಷ್ಟರಲ್ಲಿ ಬಿಸಿಲು ಮುಗಿಯಿತು, ಬಸ್ಸು ಹಾರನ್ ಹೊಡೆಯಿತು.

ಎರ್ರಪ್ಪ ಕಟ್ಟೆಯ ಮೇಲೆ ಆ ಅಂಗಿಯಲ್ಲೇ ಕೂತಿದ್ದರು. "ಆಯ್ತಾ?" ಎಂದರು.

"ಇನ್ನೊಂದ್ಸಲ ಬತ್ತೀವಿ ಬಿಡಣ್ಣ" ಎಂದ ಚಿತ್ತಪ್ಪ. "ಮಾಸ್ಟ್ರಿಗೆ ಬೆಳಕು ಸಾಲ್ಲಿಲ್ಲ."

ಬಸ್ಸಿನಲ್ಲಿ ನಾನು ಕುರಿಗಳ ಫೋಟೋ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದ. "ಚೆನ್ನಾಗೈತೆ ಕಣಪ್ಪ. ಈ ಕರೀದು ನಮ್ಮಣ್ಣಂಗೆ ಭಾಳ ಇಷ್ಟವಾದ ಕುರಿ" ಎಂದ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಚಿತ್ತಪ್ಪ ಪಡಸಾಲೆಯಲ್ಲಿ ಯಾರದೋ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದ. ಅವನ ಹೆಂಡತಿ ರಾಮಾಂಜಿನಮ್ಮ ಟೀ ತಂದಾಗ ಮಿಷನ್ನಿನ ಮೇಲೆ ತಲೆ ಬಗ್ಗಿಸಿದ್ದ. ಸೂಜಿಗೆ ದಾರ ಹಾಕುತ್ತಿದ್ದಾನೆಂದುಕೊಂಡು ಆಕೆ ಲೋಟವನ್ನು ಪಕ್ಕದಲ್ಲಿಟ್ಟು ಒಳಗೆ ಹೋದಳಂತೆ. ತಿರುಗಿ ಬಂದಾಗ ಟೀ ಹಾಗೇ ಇತ್ತು, ಅವನೂ ಹಾಗೇ ಇದ್ದ.

ನಾನು ಹೋಗಿ ನೋಡಿದೆ. ಆ ವಿಷಯದಲ್ಲಿ ಹೆಚ್ಚು ಬರೆಯಲಾರೆ. ಎರ್ರಪ್ಪನವರಿಗೆ ಜ್ವರವಿತ್ತು. ಬಿಸಿಲಿಗೆ ಹೆಣ ಇಡುವಂತಿರಲಿಲ್ಲ. ಅವರು ಬರುವ ಮುಂಚೆಯೇ ಮಣ್ಣು ಮಾಡಬೇಕಾಯಿತು. ತಮ್ಮನ ಮುಖ ನೋಡುವುದು ಅವರಿಗೆ ಆಗಲಿಲ್ಲ.

ಮೂರನೇ ದಿನ ರಾಮಾಂಜಿನಮ್ಮ ನನ್ನನ್ನು ಕರೆಸಿದಳು. ಅವರಿಗೆ ಮಕ್ಕಳಿಲ್ಲ. ಮನೆಯ ತುಂಬ ನೆಂಟರಿದ್ದರೂ ಆಕೆ ಕಂಬಕ್ಕೆ ಒರಗಿ ಒಬ್ಬಳೇ ಕೂತಂತೆ ಕೂತಿದ್ದಳು.

"ಅಣ್ಣಾ, ನಮ್ಮನಿಯಾಗ ಅವರದು ನೆಟ್ಟಗಿನ ಫೋಟೋ ಒಂದೂ ಇಲ್ರಿ. ಮದುವ್ಯಾಗಿಂದು ಗೆದ್ದಲು ತಿಂದೈತಿ. ಆಧಾರ್ ಕಾರ್ಡಿನ್ಯಾಗಿಂದು ನೋಡಿದ್ರ ಯಾರನ್ನೋ ಹಿಡಿದು ತಂದಂಗ ಐತಿ. ನಿಮ್ಮ ಹತ್ರ ಬೇಕಾದಷ್ಟು ಇರ್ತಾವಲ್ಲ, ದಿನಾ ನಿಮ್ಮ ಜೊತೀಗೇ ತಿರುಗಿದಾರ. ಚಂದಂದು ಒಂದು ಆರಿಸಿ ಕೊಡ್ರಿ. ಹನ್ನೊಂದನೇ ದಿನದ ಕಾರ್ಯಕ್ಕ ಇಡಾಕ ಬೇಕು."

"ಒಂದು ಯಾಕಮ್ಮಾ" ಎಂದೆ, "ಸಾವಿರ ಅದಾವು."

ಮನೆಗೆ ಬಂದು, ಸಾವಿನ ಸುದ್ದಿ ಕೇಳಿ ಬಂದಿದ್ದ ಹರಿತಾಳ ಲ್ಯಾಪ್‌ಟಾಪಿಗೆ ಕಾರ್ಡುಗಳನ್ನೆಲ್ಲ ಹಾಕಿ ಕೂತೆ. ಒಂದೊಂದಾಗಿ ನೋಡುತ್ತ ಹೋದೆ. ನೀಲಕಂಠ. ಮಿಂಚುಳ್ಳಿ. ಕೆಂಬೂತ. ಕೋಟೆಯ ಗೋಡೆ, ಅದರ ಮೇಲೆ ಓತಿಕ್ಯಾತ. ಮತ್ತೆ ನೀಲಕಂಠ. ಒಂದು ಫೋಟೋದ ಮೂಲೆಯಲ್ಲಿ ಛತ್ರಿಯ ಅಂಚು. ಇನ್ನೊಂದರಲ್ಲಿ ಹಕ್ಕಿಯ ಕಡೆ ಚಾಚಿದ ಬೆರಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿ. ಮೊಪೆಡ್ಡಿನ ಪಕ್ಕ ಬಿಟ್ಟ ಚಪ್ಪಲಿ. ಹುಲ್ಲಿನ ಮೇಲೆ ಬಿದ್ದ ಅವನ ನೆರಳು. ಕೆರೆಯ ದಂಡೆಯಲ್ಲಿ ದೂರ ನಡೆದು ಹೋಗುತ್ತಿರುವ ಬೆನ್ನು, ಅದೂ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದೆ. ಅವನು ಯಾವಾಗಲೂ ನನ್ನ ಪಕ್ಕದಲ್ಲಿದ್ದ, ಇಲ್ಲವೇ ಹಿಂದೆ ಇದ್ದ. ಎದುರಿಗೆ ಬರಲೇ ಇಲ್ಲ. ಬಾ ಎಂದು ನಾನು ಕರೆದಿರಲೂ ಇಲ್ಲ.

ಸರಸ್ವತಮ್ಮ ನನ್ನ ಪಕ್ಕ ಬಂದು ಕೂತದ್ದು ನನಗೆ ಗೊತ್ತಾಗಲಿಲ್ಲ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಅವಳಿಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ. "ಇನ್ನೊಂದ್ಸಲ ಹಿಂದಿಂದ ನೋಡ್ರಿ" ಎಂದಳು ಅಷ್ಟೇ. ಹಿಂದಿನಿಂದ ನೋಡಿದೆವು. ಅಮರಾಪುರದ ಕುರಿಗಳು ಬಂದವು, ಎಲ್ಲ ಕುರಿಗಳ ಮುಖವೂ ಸ್ಪಷ್ಟವಾಗಿತ್ತು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. "ಏನಂತ ಹೇಳ್ಲೇ ಆ ಹೆಣ್ಮಗಳಿಗೆ?"

ಅವಳು ಎದ್ದು ಹೋಗಿ ತನ್ನ ಫೋನು ತಂದಳು. ಹರಿತಾ ದೀಪಾವಳಿಗೆ ಕೊಡಿಸಿದ ಫೋನು ಅದು. ಅದರ ಕ್ಯಾಮೆರಾವನ್ನು ನಾನು "ಆಟದ ಸಾಮಾನು" ಎಂದು ಕರೆಯುತ್ತಿದ್ದೆ. ಬೆರಳಿನಿಂದ ಸರಿಸಿ ಸರಿಸಿ ಒಂದು ಫೋಟೋ ಹುಡುಕಿ ನನ್ನ ಮುಂದೆ ಹಿಡಿದಳು.

ನಮ್ಮ ಮನೆಯ ಕಟ್ಟೆ. ಚಿತ್ತಪ್ಪನೂ ನಾನೂ ಒತ್ತಟ್ಟಿಗೆ ಕೂತಿದ್ದೇವೆ, ಮುಂದೆ ಮಂಡಕ್ಕಿ ತಟ್ಟೆ. ಹೊಸ ಫೋನು ಬಂದ ದಿನ "ಇಬ್ರೂ ಇತ್ಲಾಗ ನೋಡ್ರಿ" ಎಂದು ತೆಗೆದದ್ದಂತೆ. ಕ್ಯಾಮೆರಾದೆದುರು ಹೇಗೆ ಕೂರಬೇಕೆಂಬುದನ್ನು ಬಲ್ಲವನಾದ ನಾನು ಬೆನ್ನು ನೆಟ್ಟಗೆ ಮಾಡಿ, ಗದ್ದ ಸ್ವಲ್ಪ ಎತ್ತಿ, ಗಂಭೀರವಾಗಿ ದೂರ ದಿಗಂತವನ್ನು ನೋಡುತ್ತಿದ್ದೇನೆ. ಚಿತ್ತಪ್ಪನ ಬಾಯಲ್ಲಿ ಅರ್ಧ ಮಿರ್ಚಿ. ಉಳಿದರ್ಧ ಕೈಯಲ್ಲಿ. ಏನು ಕಂಡು ನಕ್ಕನೋ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾನೆ. ಬೆಳಕು ಹಿಂದಿನಿಂದ ಬಂದಿದೆ. ಫೋಟೋ ಒಂದು ಕಡೆ ವಾಲಿದೆ. ಆದರೂ ಅಲ್ಲಿ ಇದ್ದವನು ಚಿತ್ತಪ್ಪನೇ.

"ಬೆಳಕು ಸರಿ ಇಲ್ಲ" ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು. ಸರಸ್ವತಮ್ಮ ಸೆರಗಿನಿಂದ ಫೋನು ಒರೆಸಿದಳು. ನನ್ನನ್ನು ಒರೆಸಲಿಲ್ಲ.

ಇದನ್ನೇ ಫ್ರೇಮಿಗೂ, ಬೀದಿಯ ಬಾಯಲ್ಲಿ ಕಟ್ಟುವ ಫ್ಲೆಕ್ಸಿಗೂ ಮಾಡಿಸುವುದೆಂದಾಯಿತು. ಕಲ್ಯಾಣದುರ್ಗದ ಕಡೆಯಿಂದ ಹೊಸದಾಗಿ ಬಂದು ಫ್ಲೆಕ್ಸಿ ಅಂಗಡಿ ಹಾಕಿದ್ದ ಹನುಮೇಶನಿಗೆ ಫೋಟೋ ಕಳಿಸಿದೆ. ಅವನಿಗೆ ನಾನೂ ಗೊತ್ತಿಲ್ಲ, ಚಿತ್ತಪ್ಪನೂ ಗೊತ್ತಿಲ್ಲ. ಆದ್ದರಿಂದ ಫೋನು ಮಾಡಿ, ಕಲೆಯ ಬಗ್ಗೆ ನಾಲ್ಕು ಮಾತು ತಿಳಿಸಿ ಹೇಳಿದೆ. ಹಿಂದಿನ ಗೋಡೆ ತೆಗೆಯಬೇಕು, ಬೆಳಕು ಏರಿಸಬೇಕು, ಮಂಡಕ್ಕಿ ಕಾಣಬಾರದು.

"ಇಬ್ರದಾರಲ್ರಿ ಸಾರ್, ಯಾರದು ಹಾಕ್ಬೇಕು?"

"ಎಡಗಡೆ ಕೂತವರದು" ಎಂದೆ.

ಚಿತ್ತಪ್ಪ ನನ್ನ ಎಡಗಡೆಯೇ ಕೂತಿದ್ದ. ನನ್ನ ಎಡಗೈಗೆ ಅವನ ತೋಳು ತಾಗುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ಆದರೆ ಫೋಟೋವನ್ನು ಎದುರಿನಿಂದ ನೋಡುವವನಿಗೆ ಎಡಗಡೆ ಯಾರಿರುತ್ತಾರೆ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. (ಎರಡು ವರ್ಷ ಛಾಯಾಚಿತ್ರ ಕಲೆಯ ಉಪಾಸನೆ ಮಾಡಿದವನು ನಾನು. ಹೊಳೆಯಬೇಕಾಗಿತ್ತು.)

ಹನ್ನೊಂದನೇ ದಿನ ಬೆಳಗಾಗುವ ಮುಂಚೆಯೇ ನಾನು ಮೊಸರು ತರಲು ಹೋಗಿದ್ದೆ. ಹನುಮೇಶನ ಅಂಗಡಿಯ ಹುಡುಗರು ಅಷ್ಟರಲ್ಲಿ ಫ್ಲೆಕ್ಸಿ ಕಟ್ಟಿ, ಬಟ್ಟೆ ಸುತ್ತಿದ ಫ್ರೇಮನ್ನು ಮನೆಯೊಳಗಿಟ್ಟು ಹೋಗಿದ್ದರು. ಬಿಸಿಲೇರಿದ ಮೇಲೆ ಮೊಸರಿನ ಕ್ಯಾನು ಹಿಡಿದು ಚಿತ್ತಪ್ಪನ ಬೀದಿಗೆ ತಿರುಗಿದೆ. ಬೀದಿಯ ಬಾಯಲ್ಲಿ ಎರಡು ಬೊಂಬುಗಳ ನಡುವೆ ನಾನು ನಿಂತಿದ್ದೆ.

ಬಿಳಿ ಮೋಡಗಳ ನಡುವೆ, ಎರಡೂ ಕಡೆ ಪಾರಿವಾಳ ಹಾರುತ್ತಿರಲು, ಗದ್ದ ಸ್ವಲ್ಪ ಎತ್ತಿ, ದೂರ ದಿಗಂತವನ್ನು ನೋಡುತ್ತಿದ್ದೆ. ಮೇಲೆ ತೆಲುಗಿನಲ್ಲೂ ಕೆಳಗೆ ಕನ್ನಡದಲ್ಲೂ "ಚಿತ್ತಪ್ಪನವರಿಗೆ ಶ್ರದ್ಧಾಂಜಲಿ" ಎಂದಿತ್ತು. ಯಾರೋ ಪುಣ್ಯಾತ್ಮರು ಆಗಲೇ ಒಂದು ಚೆಂಡುಹೂವಿನ ಹಾರವನ್ನೂ ಹಾಕಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಅಷ್ಟು ಚೆನ್ನಾದ ಫೋಟೋ ನನ್ನದು ಹಿಂದೆ ಎಂದೂ ಬಂದಿರಲಿಲ್ಲ.

ಅಲ್ಲೇ ನಿಂತು ಹನುಮೇಶನಿಗೆ ಫೋನು ಮಾಡಿದೆ.

"ಎಡಗಡೆ ಕೂತವರು ಅಂತ ನೀವೇ ಹೇಳಿದ್ರಲ್ರಿ ಸಾರ್" ಎಂದ ಅವನು ನಿದ್ದೆಯ ದನಿಯಲ್ಲಿ. "ನನಗೂ ಅನುಮಾನ ಇರಲಿಲ್ಲ ಬಿಡ್ರಿ. ಆ ಇನ್ನೊಬ್ರು ಬಾಯಿತುಂಬ ಮಿರ್ಚಿ ಇಟ್ಕೊಂಡು ನಗಾಕತ್ಯಾರ. ಇವರು ನೋಡಿದ್ರ ಆಗಲೇ ಹೋದವರಂಗ ಕೂತಾರ."

ನಾನು ಉತ್ತರ ಕೊಡುವಷ್ಟರಲ್ಲಿ ಫ್ಲೆಕ್ಸಿಯ ಮುಂದೆ ಒಬ್ಬ ಮುದುಕರು ಬಂದು ನಿಂತರು. ಕೈಯಲ್ಲಿ ಕೋಲು, ಕಂಕುಳಲ್ಲಿ ಚೀಲ, ಮೈಮೇಲೆ ಒಗೆದ ಅಂಗಿ. ಎರ್ರಪ್ಪ. ಜ್ವರ ಬಿಟ್ಟ ಮೇಲೆ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ಮುಖವನ್ನು ಫ್ಲೆಕ್ಸಿಗೆ ತಾಗುವಷ್ಟು ಹತ್ತಿರ ಒಯ್ದು ಮೇಲಿನಿಂದ ಕೆಳಗೆ ನೋಡಿದರು.

"ಎಂಗಾಗಿ ಓಗಿದ್ದೀಯೋ ಚಿತ್ತಾ" ಎಂದರು. "ಗುರುತೇ ಸಿಕ್ಕಲ್ವಲ್ಲೋ. ಮೀಸೆ ಯಾವಾಗ ಬಿಟ್ಟೆ?"

ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಸವರಿದರು. ಸವರುತ್ತ ಸವರುತ್ತ ಅವರ ಹೆಗಲು ಅಲುಗತೊಡಗಿತು. "ಇನ್ನೊಂದ್ಸಲ ಬತ್ತೀನಿ ಅಂದಿದ್ದೆಯಲ್ಲಪ್ಪ" ಎಂದರು.

ನಾನು ಮೊಸರಿನ ಕ್ಯಾನು ಹಿಡಿದು ಅವರ ಹಿಂದೆ ನಿಂತಿದ್ದೆ. ಇದು ನಿಮ್ಮ ತಮ್ಮನಲ್ಲ, ನಾನು, ಎಂದು ಹೇಗೆ ಹೇಳುವುದು? ಹೇಳದೆ ಹೇಗಿರುವುದು? ಕೊನೆಗೆ "ಎರ್ರಪ್ಪಣ್ಣಾ" ಎಂದೆ. ಅವರು ತಿರುಗಿದರು. ದನಿ ಗುರುತು ಸಿಕ್ಕಿತು. ನನ್ನ ಮುಖದ ಹತ್ತಿರ ಬಂದು ನೋಡಿದರು, ಫ್ಲೆಕ್ಸಿಯ ಹತ್ತಿರ ಹೋಗಿ ನೋಡಿದರು, ಮತ್ತೆ ನನ್ನ ಹತ್ತಿರ ಬಂದರು. ಆಮೇಲೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಚಿತ್ತಪ್ಪನದು ಬೀದಿಯ ಮೊದಲನೇ ಮನೆ. ನಮ್ಮ ಮಾತು ಕೇಳಿಸಿ ಒಳಗಿನಿಂದ ಹೆಂಗಸರು ಬಂದರು, ಅವರ ಹಿಂದೆ ರಾಮಾಂಜಿನಮ್ಮ. ಮೋಡದ ನಡುವಿನ ನನ್ನನ್ನು ನೋಡಿದಳು. ಮೊಸರಿನ ಕ್ಯಾನು ಹಿಡಿದ ನನ್ನನ್ನು ನೋಡಿದಳು. ಹತ್ತು ದಿನದಿಂದ ಬಾಯಿಗೆ ಸರಿಯಾಗಿ ಅನ್ನ ಹಾಕಿರದ ಆ ಹೆಣ್ಣುಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. "ಅಣ್ಣಾ, ಅವರಿದ್ದಿದ್ರ ಇವತ್ತು" ಎಂದಳು, ಮತ್ತೆ ನಕ್ಕಳು, "ಅವರಿದ್ದಿದ್ರ" ಎಂದಳು. ಎರಡನೇ ಸಲ ಹೇಳುವಾಗ ನಗು ಅಳುವಾಗಿತ್ತು. ಎಲ್ಲಿ ಬದಲಾಯಿತೆಂದು ನನಗೆ ತಿಳಿಯಲಿಲ್ಲ.

ಒಬ್ಬಳು ಮಾತ್ರ ನಗಲಿಲ್ಲ. ಸರಸ್ವತಮ್ಮ ಒಂದು ಸ್ಟೂಲು ತಂದು ಬೊಂಬಿನ ಪಕ್ಕ ಇಟ್ಟಳು. ಒಳಗಿನಿಂದ ಚಿತ್ತಪ್ಪನ ಹೊಲಿಗೆಯ ಕತ್ತರಿ ತಂದಳು. ಸ್ಟೂಲಿನ ಮೇಲೆ ಹತ್ತಿ, ಹಾರವನ್ನು ಕಿತ್ತು ಕೆಳಗೆಸೆದು, ಕಟ್ಟಿದ ಹಗ್ಗಗಳನ್ನು ಕತ್ತರಿಸತೊಡಗಿದಳು.

"ಇಳಿಯೇ, ನಾನು ಬಿಚ್ತೀನಿ" ಎಂದೆ.

"ಸುಮ್ಕಿರ್ರಿ."

"ನಾನು ಇಲ್ಲೇ ಅದೀನಲ್ಲ."

"ಸುಮ್ಕಿರ್ರಿ ಅಂದೆ."

ಕೊನೆಯ ಹಗ್ಗವನ್ನೂ ಕತ್ತರಿಸಿ ಅವಳೇ ಇಳಿದಳು. ಫ್ಲೆಕ್ಸಿಯನ್ನು ಮುಖ ಒಳಗಾಗುವಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಯಾರು ಕೇಳಿದರೂ ಕೊಡಲಿಲ್ಲ. ಅದನ್ನು ಇಟ್ಟುಕೊಂಡೇ ಅಡುಗೆಯವರಿಗೆ ಬೇಳೆ ಅಳೆದು ಕೊಟ್ಟಳು.

ಬಟ್ಟೆ ಬಿಚ್ಚಿದರೆ ಫ್ರೇಮಿನಲ್ಲಿಯೂ ನಾನೇ ಇದ್ದೆ. ಎಡೆ ಇಡುವ ಹೊತ್ತು ಹತ್ತಿರ ಬಂದಿತ್ತು. ಬೇರೆ ಮಾಡಿಸಲು ಸಮಯವಿರಲಿಲ್ಲ. ಸರಸ್ವತಮ್ಮ ತನ್ನ ಫೋನು ತಂದು, ಆ ಕಟ್ಟೆಯ ಫೋಟೋ ತೆಗೆದು, ಬೆರಳುಗಳಿಂದ ಹಿಗ್ಗಿಸಿ ನನ್ನನ್ನು ಆಚೆ ಸರಿಸಿ, ಚಿತ್ತಪ್ಪನ ಮುಖ ಮಾತ್ರ ಕಾಣುವಂತೆ ಮಾಡಿದಳು. ಕುರ್ಚಿಯ ಮೇಲೆ ಒಂದು ತಂಬಿಗೆಗೆ ಒರಗಿಸಿ ನಿಲ್ಲಿಸಿದೆವು. ಫ್ರೇಮಿಗೆಂದು ತಂದ ಹಾರ ಫೋನಿಗೆ ಭಾರವಾಗಿ ಅದು ಮುಗ್ಗರಿಸಿ ಬಿತ್ತು. ಆಮೇಲೆ ಒಂದೇ ಒಂದು ಹೂ ಇಟ್ಟೆವು.

ಎರ್ರಪ್ಪನವರನ್ನು ಕೈಹಿಡಿದು ತಂದು ಎದುರಿಗೆ ಕೂರಿಸಿದೆ. ಅವರು ಬಗ್ಗಿ ಪರದೆಯ ಹತ್ತಿರ ಕಣ್ಣು ಒಯ್ದರು. ಬಹಳ ಹೊತ್ತು ನೋಡಿದರು.

"ಇವ್ನೇ" ಎಂದರು. "ನಮ್ಮ ಚಿತ್ತ ಇವ್ನೇ. ಏನೋ ತಿಂತಾವ್ನೆ."

"ಮಿರ್ಚಿ" ಎಂದೆ.

ಅಷ್ಟರಲ್ಲಿ ಪರದೆ ಮಂಕಾಗಿ, ಕಪ್ಪಾಯಿತು. "ಓದ" ಎಂದರು ಎರ್ರಪ್ಪ, ಬಹಳ ಮೆಲ್ಲಗೆ. ನಾನು ಕೈ ಚಾಚಿ ಬೆರಳಿಟ್ಟೆ. ಬೆಳಕು ಬಂತು. "ಬಂದ" ಎಂದರು.

ಪೂಜೆ ಶುರುವಾಯಿತು. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಫೋನು ಸ್ವಲ್ಪ ಹೊತ್ತಿಗೊಮ್ಮೆ ಮಂಕಾಗುತ್ತಿತ್ತು, ಅದು ಪೂರ್ತಿ ಕಪ್ಪಾಗುವ ಮುಂಚೆ ಮುಟ್ಟಬೇಕಾಗಿತ್ತು. ಮುಟ್ಟಿದರೆ ಚಿತ್ತಪ್ಪ ನಗುತ್ತಿದ್ದ. ಯಾರು ಬಂದರು, ಯಾರು ಕೈಮುಗಿದರು, ನನಗೆ ಗೊತ್ತಿಲ್ಲ. ಅವನ ಮುಖವನ್ನು ನಾನು ಅಷ್ಟು ಹೊತ್ತು ಎದುರಿನಿಂದ ನೋಡಿದ್ದು ಅವತ್ತೇ. ಅವನ ಎಡಗಡೆಯ ಹಲ್ಲು ಸ್ವಲ್ಪ ಮುರಿದಿತ್ತು. ದಾರ ಕಚ್ಚಿ ಕಚ್ಚಿ ಮುರಿದದ್ದಿರಬೇಕು.

ಹರಿತಾ ಹಿಂದಿನಿಂದ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು. "ಅಪ್ಪಾ, ಸ್ಕ್ರೀನ್ ಆಫ್ ಆಗದಂಗ ಮಾಡಾಕ ಸೆಟ್ಟಿಂಗ್ ಐತಿ. ಕೊಡು ಇಲ್ಲಿ, ಒಂದು ನಿಮಿಷದ ಕೆಲಸ. ಎರಡು ವರ್ಷದಿಂದ ದೊಡ್ಡ ಫೋಟೋಗ್ರಾಫರ್ ಅಂತೀಯ, ಇಷ್ಟೂ ಗೊತ್ತಿಲ್ಲೇನು ನಿನಗ?"

ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತ ನೆಂಟರೊಬ್ಬರು ಕೇಳಿಸಿಕೊಂಡು ನಕ್ಕರು.

"ಬ್ಯಾಡ" ಎಂದೆ, "ಇರಲಿ ಬಿಡವ್ವ."

ಪರದೆ ಮತ್ತೆ ಮಂಕಾಯಿತು. ಎರ್ರಪ್ಪ ನನ್ನ ಮೊಣಕೈ ತಟ್ಟಿದರು. ನಾನು ಬೆರಳಿಟ್ಟೆ.